ಡಿಸೆಂಬರ್ ಸೈಮಾಳದು

ನವೆಂಬರ್ ಗಂಡಸರದು, ಡಿಸೆಂಬರ್ ಸೈಮಾಳದು. ಈ ಮಾತು ಆ ಊರಿನಲ್ಲಿ ತಮಾಷೆಯಾಗಿ ಹುಟ್ಟಿ, ವರ್ಷಗಳು ಕಳೆದಂತೆ ಯಾರೂ ನಗದೆ ಆಡುವ ಮಾತಾಯಿತು. ಸುಪೀರಿಯರ್ ಸರೋವರದ ದಕ್ಷಿಣಕ್ಕಿರುವ ಊರು ಅದು. ತಾಮ್ರದ ಗಣಿಗಳು ಮುಚ್ಚಿ ಎಷ್ಟೋ ಕಾಲವಾಗಿತ್ತು. ಆದರೂ ಫಿನ್‌ಲೆಂಡಿನಿಂದ ಬಂದವರ ಮೊಮ್ಮಕ್ಕಳು ಮರ ಕಡಿದು, ಹಸು ಕಟ್ಟಿ, ಚಳಿಗಾಲದಲ್ಲಿ ಜಿಂಕೆ ಹೊಡೆದು ಅಲ್ಲೇ ಬೇರುಬಿಟ್ಟಿದ್ದರು.

ಸೈಮಾ ಮದುವೆಯಾಗಿ ಕಾರ್ವೋನೆನ್ ಮನೆಗೆ ಬಂದ ಮೊದಲ ವರ್ಷವೇ ಮಾವನನ್ನು ಕೇಳಿದ್ದಳು, "ಬೇಟೆಗೆ ನಾನೂ ಬರ್ಲಾ?"

ಮಾವ ಕಾಫಿಯಿಂದ ತಲೆ ಎತ್ತಲಿಲ್ಲ. "ಬೇಟೆಮನೇಲಿ ಹೆಂಗಸರಿಗೆ ಹಾಸಿಗೆ ಇಲ್ಲ."

"ಹಾಸಿಗೆ ಕೇಳ್ದೋರ್ಯಾರು? ನಾನ್ ಕೇಳಿದ್ದು ಜಿಂಕೆ," ಎಂದಳು ಸೈಮಾ.

ಮಾವ ಇನ್ನಷ್ಟು ಕಾಫಿ ಬಗ್ಗಿಸಿಕೊಂಡ. ಅವಳು ಎರಡನೆಯ ಸಲ ಕೇಳಲಿಲ್ಲ. ಪ್ರತಿ ನವೆಂಬರಿನಲ್ಲೂ ಕಾಡಿನೊಳಗಿನ ಆ ಮರದ ಮನೆಯಲ್ಲಿ ಠಿಕಾಣಿ ಹೂಡುವ ಗಂಡಸರಿಗೆಂದು ಏಲಕ್ಕಿ ಬ್ರೆಡ್ಡು ಸುಟ್ಟಳು, ಆಲೂಗಡ್ಡೆ ಮಾಂಸ ತುಂಬಿದ ಪ್ಯಾಸ್ಟಿ ಮಾಡಿ ಬುಟ್ಟಿ ತುಂಬಿಸಿದಳು. ಅವರು ಗಡ್ಡ ಬೆಳೆಸಿಕೊಂಡು, ಹೊಗೆ ನಾರುತ್ತ ಮನೆಗೆ ಬಂದು ಸೌನಾದ ಹಬೆಕೋಣೆಯಲ್ಲಿ ಬೆವರಿಳಿಸಿ ಮಲಗಿದ ಮೇಲೆ, ಅಪ್ಪ ಕೊಟ್ಟಿದ್ದ ಕೇಪಿನ ಕೋವಿಯನ್ನು ಕೊಟ್ಟಿಗೆಯ ಗೋಡೆಯಿಂದ ಇಳಿಸುತ್ತಿದ್ದಳು. ನಳಿಗೆಯ ಬಾಯಿಂದ ಮದ್ದುಗುಂಡು ತುಂಬುವ ಹಳೆಯ ಮಾದರಿಯದು. ಸಿಗುವುದು ಒಂದೇ ಈಡು. ಡಿಸೆಂಬರಿನಲ್ಲಿ ಬರುವ ಬೇಟೆಯ ಕೊನೆಯ ಸೀಸನ್ನಿನಲ್ಲಿ ಅಂಥ ಕೋವಿಗಷ್ಟೇ ಸರ್ಕಾರದ ಅಪ್ಪಣೆ.

ಅವಳ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಗಣಿಯ ದೂಳಿನಿಂದ ಕಣ್ಣೂ ಮಂಜಾಗಿತ್ತು. ಹಿಮದ ಮೇಲಿನ ಹೆಜ್ಜೆಯನ್ನು ಮಗಳು ಓದಿ ಹೇಳಬೇಕು, ಅವನು ಅದರ ಅರ್ಥ ಬಿಡಿಸಬೇಕು. ಹಾಗೆ ಬೆಳೆದವಳಿಗೆ ಕಾಡು ಹೊಸದಲ್ಲ. ಆದರೆ ಡಿಸೆಂಬರಿನ ಜಿಂಕೆಯೇ ಬೇರೆ. ನವೆಂಬರಿನ ಈಡುಗಳ ಸದ್ದು ಕೇಳಿ ಬದುಕುಳಿದದ್ದು ಅದು. ಎದೆಮಟ್ಟದ ಹಿಮಕ್ಕೆ ಹೆದರಿ ಸೀಡರ್ ಮರಗಳ ಜೌಗು ಸೇರಿ, ತಾನೇ ತುಳಿದು ಮಾಡಿದ ಕಾಲುದಾರಿ ಬಿಟ್ಟು ಕದಲುವುದಿಲ್ಲ. ಅದನ್ನು ಅಟ್ಟಿಕೊಂಡು ಹೋಗಿ ಹೊಡೆಯುವುದು ಆಗದ ಮಾತು. ಮರಸು ಕೂರಬೇಕು, ಮರೆಯಲ್ಲಿ ಅಲ್ಲಾಡದೆ ಕೂತೇ ಇರಬೇಕು. ಚಳಿ ಮೊದಲು ಕಾಲ್ಬೆರಳಿಗೆ, ಆಮೇಲೆ ಬುದ್ಧಿಗೆ ಕೈ ಹಾಕುತ್ತದೆ. ಗಂಡಸರು ಸಾಮಾನ್ಯವಾಗಿ ಎದ್ದು ಬರುವುದು ಈ ಎರಡರ ನಡುವೆ. ಸೈಮಾ ಏಳುತ್ತಿರಲಿಲ್ಲ.

ಆಕೆಗೆ ಅರವತ್ತು ದಾಟಿದ ವರ್ಷದ ಮಾತು ಇದು. ಶಾಲೆಯ ಅಡುಗೆಮನೆಯ ಕೆಲಸ ಬಿಟ್ಟಾಗಿತ್ತು. ಗಂಡ ಆರ್ವೋಗೆ ಸೊಂಟದ ಕೀಲು ಹೋಗಿ, ಕಾಡಿಗೆ ಹೋಗುವುದು ನಿಂತು, ಒಲೆಯ ಪಕ್ಕದ ಕುರ್ಚಿಯೇ ಲೋಕವಾಗಿತ್ತು. ಆ ನವೆಂಬರಿನಲ್ಲಿ ಆರ್ವೋನ ತಮ್ಮ ರೂಡಿ, ಬೀವರ್ ಪ್ರಾಣಿಗಳು ತೊರೆಗೆ ಅಡ್ಡ ಕಟ್ಟಿದ ಒಡ್ಡಿನ ಹತ್ತಿರ ಭಾರೀ ಗಂಡು ಜಿಂಕೆಯೊಂದಕ್ಕೆ ಈಡು ಹೊಡೆದು ಗುರಿ ತಪ್ಪಿದ್ದ. ಗುರಿ ತಪ್ಪಿದವನ ಅಂಗಿಯ ಹಿಂಬದಿ ಕತ್ತರಿಸಿ ಬೇಟೆಮನೆಯ ಗೋಡೆಗೆ ಮೊಳೆ ಹೊಡೆಯುವುದು ಪದ್ಧತಿ. ಕತ್ತರಿಸಿದ್ದಾಯಿತು, ನಕ್ಕಿದ್ದೂ ಆಯಿತು.

"ಕೊಂಬು ಅಂದ್ರೆ ಇಷ್ಟಗಲ," ಎಂದು ರೂಡಿ ಅಣ್ಣನ ಅಡುಗೆಮನೆಯಲ್ಲಿ ಎರಡೂ ಕೈ ಚಾಚಿ ತೋರಿಸಿದ್ದ. "ಒಂದ್ ಕೂದ್ಲೂ ಉದುರ್ಲಿಲ್ಲ ನೋಡು. ಹಂಗೇ ಗಾಳಿಗೆ ಹೋಯ್ತು ಗುಂಡು."

"ಹೆಜ್ಜೆ ಹಿಡ್ದು ನೋಡಿದ್ಯಾ?" ಎಂದು ಕೇಳಿದ್ದಳು ಸೈಮಾ.

"ತಪ್ಪಿದ್ದು ತಪ್ತು ಅಂತ ಗೊತ್ತಾಗಲ್ವಾ ನಂಗೆ? ನೀನ್ ಬ್ರೆಡ್ ಕುಯ್ಯಿ."

ಬ್ರೆಡ್ಡು ಕುಯ್ದಿದ್ದಳು.

ಡಿಸೆಂಬರಿನಲ್ಲಿ ಚಳಿ ಕಚ್ಚಿ ಹಿಡಿಯಿತು. ಜೌಗಿನ ಅಂಚಿನಲ್ಲಿ ಸೈಮಾ ದೊಡ್ಡ ಗೊರಸಿನ ಜಾಡೊಂದನ್ನು ಕಂಡುಕೊಂಡಳು. ಅಷ್ಟು ಅಗಲದ ಹೆಜ್ಜೆಯನ್ನು ಅವಳು ಅಪ್ಪನ ಕಾಲದಿಂದೀಚೆಗೆ ನೋಡಿರಲಿಲ್ಲ. ವಾರವಿಡೀ ಅದರ ಹಿಂದೆ ಬಿದ್ದಳು. ಬೆಳಗ್ಗೆ ಹೋಗುವಳು, ಮಧ್ಯಾಹ್ನ ಮೂಗು ಕೆಂಪಾಗಿಸಿಕೊಂಡು ಬರುವಳು. ನಳಿಗೆ ಬೆವರಿ ಮದ್ದು ಒದ್ದೆಯಾಗಬಾರದೆಂದು ಕೋವಿಯನ್ನು ಬೆಚ್ಚಗಿನ ಮನೆಯೊಳಗೆ ತರದೆ ಕೊಟ್ಟಿಗೆಯಲ್ಲೇ ಬಿಟ್ಟು ಬರುವಳು.

"ಸೀಸನ್ ಮುಗೀತಾ ಬಂತು ಕಣೇ. ಸಿಕ್ಕಿದ್ದು ಹೊಡಿ," ಎಂದ ಆರ್ವೋ.

"ಈ ಸಲ ಸಿಕ್ಕಿದ್ದಲ್ಲ, ಬೇಕಾದ್ದು."

"ಅಬ್ಬಾ, ಜಂಬ ನೋಡು!"

"ಇರ್ಲಿ ಬಿಡು. ಜಂಬ ಇಟ್ಕೊಳ್ಳೋ ಅಷ್ಟು ವಯಸ್ಸಾಗಿದೆ."

ಮರುದಿನ ಬೆಳಗ್ಗೆ ಹೆಮ್ಲಾಕ್ ಮರವೊಂದರ ಬುಡಕ್ಕೆ ಬೆನ್ನು ಕೊಟ್ಟು, ಕೆಳಗೆ ಸೊಪ್ಪು ಹಾಸಿಕೊಂಡು ಕೂತಳು. ಮನೆಯಿಂದ ತಂದಿದ್ದ ಒಲೆಯ ಬೂದಿಯನ್ನು ಚಿಟಿಕೆ ತೂರಿ ಗಾಳಿ ನೋಡಿದಳು. ಗಾಳಿ ಮುಖಕ್ಕೇ ಬರುತ್ತಿತ್ತು, ಒಳ್ಳೆಯದಾಯಿತು. ಚಳಿಗೆ ಮರಗಳು ಆಗಾಗ ಚಟ್ಟನೆ ಸಿಡಿಯುತ್ತಿದ್ದವು. ರೆಪ್ಪೆಯ ಮೇಲೆ ಉಸಿರು ಹೆಪ್ಪುಗಟ್ಟಿತು. ಕಾಲ್ಬೆರಳು ಮೊದಲು ಉರಿದು, ಆಮೇಲೆ ಇದ್ದೂ ಇಲ್ಲದಂತಾದವು. ಅವಳು ಬೂಟಿನೊಳಗೆ ಅವನ್ನು ಮಡಿಸುತ್ತ, ಬಿಚ್ಚುತ್ತ ಕೂತಳು.

ಹೊತ್ತು ಏರಿದ ಮೇಲೆ ಕಾಲುದಾರಿಯ ತಿರುವಿನಲ್ಲಿ ಅದು ಬಂದು ನಿಂತಿತು. ರೂಡಿ ಕೈ ಚಾಚಿ ತೋರಿಸಿದ್ದ ಅಗಲವೂ ಇದರ ಕೊಂಬಿಗೆ ಸಾಲದು. ಬೂದುಬಣ್ಣದ ಮೈ, ಕಂಬದಂಥ ಕತ್ತು, ಬೆನ್ನಿನ ಮೇಲೆ ಕರಗದ ಹಿಮ. ಪಕ್ಕೆ ಪೂರ್ತಿ ತೋರಿಸಿಕೊಂಡು ಸೀಡರ್ ಚಿಗುರು ಎಳೆಯುತ್ತಿತ್ತು. ಸೈಮಾ ಉಸಿರು ಹಿಡಿದು ಕೋವಿ ಎತ್ತಿದಳು. ಕೋವಿಯ ಕುದುರೆಯನ್ನು ಹಿಂದಕ್ಕೆ ಎಳೆದು, ಗುಂಡು ಹಾರಿಸುವ ಬಿಲ್ಲಿಗೆ ಬೆರಳು ತಂದಳು.

ಅಷ್ಟರಲ್ಲಿ ಅದರ ಹಿಂದೆ ಇನ್ನೊಂದು ಬಂತು. ಎಳೆಯ ಗಂಡು, ಕವಲುಗೊಂಬಿನದು. ಮೂರು ಕಾಲಿನಲ್ಲಿ ನೆಗೆನೆಗೆದು ಬರುತ್ತಿತ್ತು. ಒಂದು ಮುಂಗಾಲು ಮೊಣಕಾಲ ಮೇಲೆ ಮುರಿದು ಜೋತಾಡುತ್ತಿತ್ತು. ಪಕ್ಕೆಲುಬು ಒಂದೊಂದಾಗಿ ಎಣಿಸುವಂತಿತ್ತು. ದಾರಿಯ ಚಿಗುರನ್ನೆಲ್ಲ ದೊಡ್ಡದು ತಿಂದು ಮುಗಿಸಿತ್ತು. ಎತ್ತರದ ಕೊಂಬೆಗೆ ಎಟುಕಿಸಲು ಹಿಂಗಾಲ ಮೇಲೆ ನಿಲ್ಲಹೋಗಿ ಕುಸಿಯಿತು, ಎದ್ದಿತು, ಮತ್ತೆ ಕುಸಿಯಿತು.

ಅವಳ ಹತ್ತಿರ ಇದ್ದದ್ದು ಒಂದೇ ಜಿಂಕೆಯ ಪರವಾನಗಿ. ನಳಿಗೆಯಲ್ಲೂ ಒಂದೇ ಗುಂಡು.

ಕಣ್ಣು ಮಾತ್ರ ದೊಡ್ಡದರ ಮೇಲೇ ಇತ್ತು. ಎಷ್ಟೋ ಡಿಸೆಂಬರುಗಳು ಕಾದದ್ದು ಅದಕ್ಕೆ. ಅದನ್ನು ಹಿಮದಲ್ಲಿ ಎಳೆದು ಊರ ನಡುವೆ ತಂದರೆ ಕಾರ್ವೋನೆನ್ ಗಂಡಸರು ಟೋಪಿ ತೆಗೆಯಬೇಕು. ಕುಂಟುವುದು ಹೇಗೂ ಹಸಿವಿನಲ್ಲೋ ತೋಳಗಳ ಬಾಯಲ್ಲೋ ಹೋಗುತ್ತದೆ ಎಂದು ಮನಸ್ಸು ಹೇಳಿತು. ನಿಜವೇ. ಎಷ್ಟು ದಿನ ಹಿಡಿಯುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು, ಅದೇ ಕಷ್ಟವಾಯಿತು.

ನಳಿಗೆಯನ್ನು ಒಂದು ಗೇಣು ಎಡಕ್ಕೆ ಸರಿಸಿ ಬಿಲ್ಲು ಎಳೆದಳು.

ಬಿಳಿಯ ಹೊಗೆ ಕಣ್ಣು ಕಟ್ಟಿತು. ಅದು ಸರಿದಾಗ ದೊಡ್ಡದು ಇರಲಿಲ್ಲ. ಅದು ಹಾರಿ ಹೋದ ಕಡೆ ಕೊಂಬೆಗಳಿಂದ ಹಿಮ ಉದುರುತ್ತಿತ್ತು. ಕುಂಟು ಜಿಂಕೆ ನಿಂತಲ್ಲೇ ಬಿದ್ದಿತ್ತು, ಒದ್ದಾಡಿರಲಿಲ್ಲ. ಸೈಮಾ ಹತ್ತಿರ ಹೋಗಿ ಕೈಗವಸು ಕಳಚಿ ಅದರ ಕತ್ತಿನ ಮೇಲೆ ಬರಿಗೈ ಇಟ್ಟಳು. ಕಣ್ಣಲ್ಲಿ ನೀರು ಬಂದದ್ದು ಚಳಿಗೋ, ಹೋದ ಆ ದೊಡ್ಡದಕ್ಕೋ, ಅವಳಿಗೇ ತಿಳಿಯಲಿಲ್ಲ.

ಕರುಳು ತೆಗೆದು, ಪರವಾನಗಿ ಚೀಟಿಯನ್ನು ಕೊಂಬಿಗೆ ಕಟ್ಟಿ, ಜೇಬಿನ ಮೊಬೈಲಿನಿಂದ ಮನೆಗೆ ಫೋನು ಮಾಡಿದಳು. ಆರ್ವೋ ತಮ್ಮನನ್ನು ಜಾರುಬಂಡಿ ಕೊಟ್ಟು ಕಳಿಸಿದ. ರೂಡಿ ಏದುಸಿರು ಬಿಡುತ್ತ ಬಂದು ನೋಡಿ ನಕ್ಕೇ ನಕ್ಕ.

"ಏನೇ ಇದು, ವಾರವೆಲ್ಲ ಕಾದು ಮೇಕೆ ಹೊಡ್ದಿದ್ದೀಯಾ?"

"ಕಾಲ್ ಹಿಡಿ, ಬಂಡಿಗೆ ಹಾಕೋಣ."

ರೂಡಿ ಬಗ್ಗಿ ಮುಂಗಾಲಿಗೆ ಕೈ ಹಾಕಿದವನು ಹಾಗೇ ನಿಂತ. ಮುರಿದ ಮೂಳೆಯ ಸುತ್ತ ಹಳೆಯ ಗಾಯ ಕಪ್ಪಾಗಿ ಒಣಗಿತ್ತು. ಗುಂಡಿನ ಗಾಯವೆಂದು ಯಾರೂ ಹೇಳಬೇಕಾಗಿರಲಿಲ್ಲ. ಅವನು ತಲೆ ಎತ್ತಿ ಬೀವರ್ ಒಡ್ಡಿನ ಕಡೆ ನೋಡಿದ. ಅಲ್ಲಿಂದ ಕೂಗಳತೆ ಅದು. ಈ ಕಡೆ ಬೇರೆ ಯಾರೂ ಬೇಟೆಗೆ ಬರುತ್ತಿರಲಿಲ್ಲ.

ಸೈಮಾ ಬಂಡಿಯನ್ನು ಜಿಂಕೆಯ ಪಕ್ಕಕ್ಕೆ ಎಳೆದಳು.

"ಅವತ್ತು ಹಿಮ ಬೀಳ್ತಿತ್ತು," ಎಂದ ರೂಡಿ ಕೊನೆಗೆ. "ದೊಡ್ಡದರ ಹಿಂದೆ ಇದು ಇದ್ದದ್ದು ಕಾಣ್ಲಿಲ್ಲ. ಕೈ ಮರಗಟ್ಟಿತ್ತು. ನಾಲ್ಕ್ ಹೆಜ್ಜೆ ಹೋಗಿ ನೋಡ್ಲಿಲ್ಲ ಕಣೇ. ಕಾಫಿ ಕುಡಿಯೋಕೆ ಬಂದ್ಬಿಟ್ಟೆ."

"ಹ್ಞೂಂ."

"ದೊಡ್ಡದು ಬಂದಿರ್ಲಿಲ್ವಾ?" ಅವನ ಕಣ್ಣು ಹಿಮದ ಮೇಲಿನ ಆ ಅಗಲ ಹೆಜ್ಜೆಗಳ ಮೇಲೆ ಬಿದ್ದಿತ್ತು. ತಾನೇ ಅವುಗಳ ಪಕ್ಕ ನಡೆದು ಹೋಗಿ, ಅವಳು ಕೂತಿದ್ದ ಮರಕ್ಕೂ ಅವಕ್ಕೂ ಇದ್ದ ದೂರ ನೋಡಿ ಬಂದ. ಬಂಡಿಯ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಅವಳು ಕೈಜೋಡಿಸಲು ಬಂದರೂ ಬಿಡದೆ ರಸ್ತೆಯವರೆಗೆ ಒಬ್ಬನೇ ಎಳೆದ.

ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಗೆ ಊರೆಲ್ಲ ಸೇರಿತ್ತು. ಯಾರೋ ಮುದುಕ, "ಸೈಮಾ, ಈ ವರ್ಷದ್ದು ಮೊಲದ ಗಾತ್ರ ಇತ್ತಂತಲ್ಲ!" ಎಂದು ಕೆಣಕಿದ. ನಗು ಎದ್ದಿತು. ರೂಡಿ ಲೋಟ ಕೆಳಗಿಟ್ಟು ಎದ್ದು ನಿಂತ.

"ಅದು ನಾನು ಗಾಯ ಮಾಡಿ ಬಿಟ್ಟಿದ್ದು," ಎಂದ. "ಇವಳ ಮುಂದೆ ಇನ್ನೊಂದು ನಿಂತಿತ್ತು, ಅಂಥ ದೊಡ್ಡದನ್ನ ನಮ್ಮನೇಲಿ ಯಾರೂ ಹೊಡೆದಿಲ್ಲ. ನಾನಾಗಿದ್ರೆ ಅದನ್ನೇ ಹೊಡೀತಿದ್ದೆ. ಇವಳು ಅದನ್ನ ಬಿಟ್ಟು ಇದನ್ನ ಹೊಡೆದ್ಲು. ಒಂದೇ ಈಡಿಗೆ."

ಆ ಜನ ತಮ್ಮನ್ನು ತಾವು ಹೊಗಳಿಕೊಳ್ಳುವವರಲ್ಲ. ಯಾರಾದರೂ ಹೊಗಳಿದರೆ "ಅಯ್ಯೋ, ಅದೇನ್ ಮಹಾ" ಎಂದು ಬೇರೆ ಮಾತು ತೆಗೆಯುವುದು ಅಲ್ಲಿನ ಪದ್ಧತಿ. ಎಲ್ಲರೂ ಸೈಮಾಳ ಬಾಯಿಂದ ಅದನ್ನೇ ಕೇಳಲು ಕಾಯುತ್ತಿದ್ದರು. ಆರ್ವೋ ಊರುಗೋಲಿನ ಮೇಲೆ ಗಲ್ಲ ಇಟ್ಟು ಅವಳನ್ನೇ ನೋಡುತ್ತಿದ್ದ.

ಸೈಮಾಳ ಕಿವಿ ಬಿಸಿಯಾಯಿತು. ಬೆನ್ನು ನೆಟ್ಟಗೆ ಮಾಡಿ ಕೂತಳು.

"ಹೌದು," ಎಂದಳು. "ಒಳ್ಳೇ ಈಡು ಅದು. ನಮ್ಮಪ್ಪ ಇದ್ದಿದ್ರೆ ಮೆಚ್ಕೊಳ್ಳೋನು."