ಆಲ್ಬಮ್ಮಿನಲ್ಲಿ ಇಲ್ಲದವಳು

ವಾಸಂತಿ, ಸುಧಾಕರನ ಜೊತೆ ಆಗಬೇಕಿದ್ದ ನಿನ್ನ ಮದುವೆ ತಪ್ಪಿದ್ದು ಜಾತಕ ಕೂಡದೆ ಅಲ್ಲ. ತಪ್ಪಿಸಿದವಳು ನಾನು. ಒಂದು ಪ್ರಶ್ನೆಗೆ ‘ಗೊತ್ತಿಲ್ಲ’ ಎಂದು ಉತ್ತರ ಕೊಟ್ಟು ತಪ್ಪಿಸಿದೆ — ಗೊತ್ತಿದ್ದೂ, ಬೇಕೆಂದೇ, ಕೇಳಿದವರ ಕೈಗೆ ಚಹಾ ಕೊಡುತ್ತಾ.

ಇಷ್ಟು ಬರೆಯುವುದಕ್ಕೆ ಮೂವತ್ತು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಗೊತ್ತಿಲ್ಲದ್ದು ಅದರ ನಡುವೆಯೇ ಇದೆ.

ಎಂಬತ್ತರ ದಶಕದ ಮೊದಮೊದಲ ವರ್ಷಗಳು. ಕುವೈತಿನ ಫಹಾಹೀಲ್ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನಮ್ಮಿಬ್ಬರದು ಒಂದು ಫ್ಲಾಟು. ನಾನು ಮೈಸೂರಿನವಳು, ಅಹ್ಮದಿಯ ಒಂದು ಕಂಪನಿಯಲ್ಲಿ ಟೈಪಿಸ್ಟ್, ಮೂವತ್ತನಾಲ್ಕು ತುಂಬಿತ್ತು. ಗಂಡು ನೋಡುವುದನ್ನು ಮನೆಯವರು ಬಿಟ್ಟು ಮೂರು ವರ್ಷವಾಗಿತ್ತು. ನೀನು ಉಡುಪಿ ಕಡೆಯವಳು, ಇಪ್ಪತ್ತಾರರ ಹುಡುಗಿ, ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟ್ ಬರೆಯುತ್ತಿದ್ದೆ. ನನ್ನನ್ನು ಅಕ್ಕ ಎಂದು ಕರೆದೆ. ನಾನೂ ಅಕ್ಕನ ಹಾಗೆಯೇ ಇದ್ದೆ — ಅಥವಾ ಹಾಗೆಂದು ನಂಬಿದ್ದೆ.

ಜ್ವಾಲಾಮುಖಿಯ ಹುಚ್ಚು ಇದ್ದದ್ದು ನನಗೆ. ಏಳನೇ ಕ್ಲಾಸಿನ ಭೂಗೋಳದ ಪುಸ್ತಕದಲ್ಲಿ ಬೆಟ್ಟವನ್ನು ಸೀಳಿ ಒಳಗಿನ ಬೆಂಕಿ ತೋರಿಸುವ ಚಿತ್ರವಿತ್ತು. ಅದನ್ನು ನಾನು ಎಷ್ಟು ಸಲ ಬರೆದಿದ್ದೆನೋ. ನಿನ್ನ ಏಜೆನ್ಸಿಗೆ ಗ್ರೀಸಿನ ರಿಯಾಯಿತಿ ಟಿಕೆಟ್ ಎರಡು ಬಂದಾಗ, ಅಲ್ಲಿ ಸಾಂಟೊರಿನಿ ಎಂಬ ದ್ವೀಪವಿದೆ, ಇಡೀ ದ್ವೀಪವೇ ಸಿಡಿದು ಉಳಿದ ಜ್ವಾಲಾಮುಖಿಯ ಅಂಚು ಎಂದು ನಿನಗೆ ಹೇಳಿದವಳು ನಾನು. ನೀನು ಕೇಳಿದ್ದು ಒಂದೇ ಮಾತು: “ಅಲ್ಲಿ ನಮಗೆ ಊಟಕ್ಕೆ ಎಂತಾದ್ರೂ ಸಿಗ್ತದಾ ಅಕ್ಕ?”

ನನಗೆ ರಜೆ ಇರಲಿಲ್ಲ. ಊರಿಗೆ ಹೋಗಿ ಬಂದು ಆರು ತಿಂಗಳಾಗಿತ್ತಷ್ಟೆ. ಅಮ್ಮನಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿ ತುರ್ತು ರಜೆ ಪಡೆದು ಕಂಪನಿಯ ಕೈಯಲ್ಲಿದ್ದ ಪಾಸ್‌ಪೋರ್ಟ್ ಬಿಡಿಸಿಕೊಂಡೆ. ಸಿಕ್ಕಿಬಿದ್ದರೆ ಕೆಲಸ, ಅಲ್ಲಿರಲು ಕೊಟ್ಟ ಪರವಾನಗಿ ಇಕಾಮಾ, ಎರಡೂ ಹೋಗುತ್ತಿದ್ದವು. ಅದಕ್ಕೇ ನಿನ್ನಿಂದ ಮಾತು ತೆಗೆದುಕೊಂಡೆ — ನಾನು ಬಂದದ್ದನ್ನು ಯಾರಿಗೂ, ಯಾವ ಕಾಲಕ್ಕೂ ಹೇಳಕೂಡದು. ನೀನು ನಕ್ಕು, ಗಂಟಲು ಮುಟ್ಟಿಕೊಂಡು ಆಣೆ ಇಟ್ಟೆ. ಅದೇ ಕಾರಣಕ್ಕೆ ಫೋಟೋದಲ್ಲಿಯೂ ನಾನು ಬೇಡವೆಂದಾಯಿತು. ಕ್ಯಾಮೆರಾ ನನ್ನದು, ತೆಗೆಯುವವಳು ನಾನು, ನಿಲ್ಲುವವಳು ನೀನು.

ಐದು ದಿನ, ವಾಸಂತಿ. ಐದು ದಿನ ನಾನು ಆ ದ್ವೀಪವನ್ನು ನೋಡಿದ್ದು ಕ್ಯಾಮೆರಾದ ಆ ಚಿಕ್ಕ ಕಿಂಡಿಯಿಂದ, ಅದರ ನಡುವೆ ನಿನ್ನನ್ನು ನಿಲ್ಲಿಸಿಕೊಂಡು.

ಹಡಗಿನಿಂದ ಇಳಿದ ಕೂಡಲೇ ಎದುರಿಗೆ ಎದ್ದು ನಿಂತ ಆ ಬಂಡೆಯ ಗೋಡೆ — ಕಪ್ಪು, ಕೆಂಪು, ಬೂದಿ ಬಣ್ಣದ ಪದರಗಳು, ತುದಿಯಲ್ಲಿ ಸುಣ್ಣ ಬಳಿದ ಮನೆಗಳ ಸಾಲು. ಇಪ್ಪತ್ತು ವರ್ಷ ಕಾಯ್ದ ನೋಟ ಅದು. ಆದರೆ ನನಗೆ ತಲೆ ತಿರುಗಿತು. ಮೇಲೆ ಹತ್ತಲು ನೂರಾರು ಮೆಟ್ಟಿಲು, ಅದರ ಮೇಲೆಲ್ಲ ಕತ್ತೆಗಳ ಲದ್ದಿ, ಪಕ್ಕದಲ್ಲಿ ಪ್ರಪಾತ. ನಾನು ಗೋಡೆ ಹಿಡಿದು ಹತ್ತಿದೆ. ನೀನು ಸೀರೆ ಎತ್ತಿ ಕಟ್ಟಿಕೊಂಡು ಕತ್ತೆ ಏರಿದೆ. ಕತ್ತೆಯವನ ಜೊತೆ ತುಳುವಿನಲ್ಲೇ ಮಾತಾಡುತ್ತಾ ಹೋದೆ, ಅವನು ಅವನ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದ. ಇಬ್ಬರಿಗೂ ಎಲ್ಲವೂ ತಿಳಿದಂತಿತ್ತು. ಆ ದ್ವೀಪದ ಬಗ್ಗೆ ನಾನು ಊರಿನಿಂದ ತರಿಸಿ ಓದಿದ್ದ ಪುಸ್ತಕ ಅಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

ನಾವು ಇಳಿದುಕೊಂಡ ಮನೆಯ ಮುದುಕಿ ಹಳದಿ ಬೇಳೆ ಬೇಯಿಸಿ ಅರೆದು ತಂದಿಟ್ಟಳು. ಥೇಟ್ ತೊವ್ವೆ. ನೀನು ಸೀದಾ ಅವಳ ಅಡುಗೆಮನೆಗೆ ನುಗ್ಗಿ, ಚೀಲದಲ್ಲಿದ್ದ ಒಣಮೆಣಸು ಸಾಸಿವೆ ತೆಗೆದು ಒಗ್ಗರಣೆ ಹಾಕಿದೆ. ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿ, ನಕ್ಕು, ತಟ್ಟೆ ಬರಿದು ಮಾಡಿದರು. ಮುದುಕಿ ಕುಂಡದಿಂದ ಕಾಮಕಸ್ತೂರಿಯ ಕುಡಿ ಚಿವುಟಿ ನಿನ್ನ ಮುಡಿಗೆ ಸಿಕ್ಕಿಸಿದಳು. ಆಮೇಲೆ ನನ್ನ ಕಡೆ ತಿರುಗಿ — ಇನ್ನೊಂದು ಕುಡಿ ಚಿವುಟಲಿಲ್ಲ — ಫೋಟೋ ತೆಗೆ ಎಂದು ಸನ್ನೆ ಮಾಡಿದಳು. ತೆಗೆದೆ. ಒಂದು ಸೊಪ್ಪಿನ ಕುಡಿಗೆ ಮೂವತ್ತನಾಲ್ಕರ ಹೆಂಗಸು ಕಣ್ಣಲ್ಲಿ ನೀರು ತಂದುಕೊಂಡಳು ಎಂದರೆ ನಗುತ್ತೀಯೇನೋ. ಆವತ್ತು ನಗು ಬರಲಿಲ್ಲ.

ಮೂರನೆಯ ದಿನ ದೋಣಿಯಲ್ಲಿ ಕೊಲ್ಲಿಯ ನಡುವಿನ ಕರಿ ನಡುಗಡ್ಡೆಗೆ ಹೋದೆವು. ಜ್ವಾಲಾಮುಖಿಯ ಬಾಯಿ ಇದ್ದದ್ದು ಅಲ್ಲಿ. ಒಂದು ಹುಲ್ಲುಕಡ್ಡಿ ಇಲ್ಲ, ಬರೀ ಸುಟ್ಟ ಕಲ್ಲು, ಗಂಧಕದ ವಾಸನೆ. ಜೊತೆಗಿದ್ದ ಮಾರ್ಗದರ್ಶಿ ಅಂಚಿನ ಹರಳುಗಲ್ಲನ್ನು ಕೈಯಿಂದ ಬಗೆದು, ಮುಟ್ಟಿ ನೋಡಿ ಎಂದ. ನಾನು ಹತ್ತು ಹೆಜ್ಜೆ ಹಿಂದೆಯೇ ನಿಂತಿದ್ದೆ. ನೀನು ಮೊಣಕಾಲೂರಿ ಅಂಗೈ ಇಟ್ಟೆ, ಆಮೇಲೆ ಬಗ್ಗಿ ಕಿವಿಯನ್ನೇ ನೆಲಕ್ಕೆ ಕೊಟ್ಟೆ.

“ಎಂತ ಅಕ್ಕ, ನೀವು ಹೇಳಿಯೇ ಅಲ್ವಾ ನಾವು ಬಂದದ್ದು? ಬನ್ನಿ, ಬೆಚ್ಚಗುಂಟು. ಹೆದರ್ಲಿಕ್ಕೆ ಎಂತ ಇಲ್ಲ ಇಲ್ಲಿ.”

ನಾನು ಹೋಗಲಿಲ್ಲ. ಬಿಸಿಲು ಜಾಸ್ತಿ ಎಂದೆ. ಹಲ್ಲಿದ್ದವರಿಗೆ ಕಡಲೆ ಇಲ್ಲ ಎನ್ನುತ್ತಾರೆ. ನನಗೆ ಎರಡೂ ಇತ್ತು, ತಿಂದವಳು ಮಾತ್ರ ನೀನು. ಇಳಿಯುವಾಗ ನೀನು ಹಾಡಿಕೊಳ್ಳುತ್ತಾ ಮುಂದೆ ಹೋಗುತ್ತಿದ್ದೆ. ಈ ಹುಡುಗಿಗೆ ಯಾವತ್ತೂ ಏನೂ ತಪ್ಪಿಹೋಗುವುದೇ ಇಲ್ಲವೇ ಎಂದುಕೊಂಡೆ. ಒಂದಾದರೂ ತಪ್ಪಲಿ ಎಂದು — ಹೌದು, ಹಾಗೂ ಅಂದುಕೊಂಡೆ. ನಿನ್ನ ಬೆನ್ನು ನೋಡುತ್ತಾ.

ವಾಪಸು ಬಂದ ಮೇಲೆ ನಡೆದ ಒಂದು ಸಂಗತಿ ನಿನಗೆ ಗೊತ್ತಿಲ್ಲ. ಬಿಸಿಲಿಗೆ ಸುಲಿದ ನನ್ನ ಮೂಗನ್ನು ನೋಡಿ ನಮ್ಮ ಮ್ಯಾನೇಜರ್, ಆ ವಯಸ್ಸಾದ ಪ್ಯಾಲೆಸ್ತೀನಿಯವನು, “ನಿನ್ನ ಅಮ್ಮನ ಆಸ್ಪತ್ರೆ ಸಮುದ್ರತೀರದಲ್ಲಿದೆಯೇ?” ಎಂದು ನನ್ನನ್ನು ಕೇಳಿದ. ನಾನು ಅಳುತ್ತಾ ಎಲ್ಲ ಒಪ್ಪಿಕೊಂಡೆ. ಅವನು ಸ್ವಲ್ಪ ಹೊತ್ತು ಬೈದ. ಆಮೇಲೆ, “ಖಲಾಸ್. ಮುಂದಿನ ಸಲ ಟೋಪಿ ಹಾಕಿಕೊ” ಎಂದು ಟೈಪು ಮಾಡುವ ಕಾಗದ ಮುಂದೆ ತಳ್ಳಿದ. ನನ್ನ ಭಯ ಅಲ್ಲಿಗೆ ಮುಗಿದಿತ್ತು. ನಿನಗೆ ಹೇಳಲಿಲ್ಲ. ಅವಮಾನವಾಗಿತ್ತು, ಅದಕ್ಕೆ ಎಂದು ಆಗ ಅಂದುಕೊಂಡಿದ್ದೆ.

ಅದಾಗಿ ಮೂರು ತಿಂಗಳಿಗೆ ಸುಧಾಕರ ಬಂದ. ಅಹ್ಮದಿಯಲ್ಲಿ ಟೆಕ್ನಿಷಿಯನ್, ನಿಮ್ಮ ಕಡೆಯವನೇ. ಊರಿನ ಟಿಕೆಟಿಗೆಂದು ಬಂದವನು, ಟಿಕೆಟ್ ಕೈಗೆ ಬಂದ ಮೇಲೂ ಕೌಂಟರ್ ಬಿಟ್ಟು ಹೋಗಲಿಲ್ಲ ಎಂದು ನೀನೇ ಬಂದು ಹೇಳಿದೆ. ಹೇಳುವಾಗ ನೀನು ಮುಖ ತಿರುಗಿಸಿಕೊಂಡು ಅಕ್ಕಿ ಆರಿಸುತ್ತಿದ್ದೆ. ಎರಡೂ ಕಡೆ ಊರಿನಲ್ಲಿ ಜಾತಕ ನೋಡಿಸಿದರು, ಕೂಡಿತು. ಇನ್ನು ಉಳಿದದ್ದು ವಿಚಾರಿಸುವುದು. ಹುಡುಗಿ ಇದ್ದ ಜಾಗದಲ್ಲಿ, ಅವಳನ್ನು ಬಲ್ಲ ಒಬ್ಬರ ಹತ್ತಿರ, ಅವಳಿಲ್ಲದ ಹೊತ್ತು ನೋಡಿ ಹೋಗಿ ನಾಲ್ಕು ಮಾತು ಕೇಳುವುದು ನಮ್ಮವರ ಪದ್ಧತಿ. ಕುವೈತಿನಲ್ಲಿ ನಿನ್ನನ್ನು ಬಲ್ಲ ಹಿರಿಯಳೆಂದರೆ ನಾನೊಬ್ಬಳೇ.

ಸುಧಾಕರನ ಅಕ್ಕ ಪದ್ಮಕ್ಕ ತಮ್ಮ ಮನೆಯಿದ್ದ ರಿಗ್ಗೈಯಿಂದ ಒಂದು ಶುಕ್ರವಾರ ಮಧ್ಯಾಹ್ನ ಬಂದರು. ನೀನು ಮಾರುಕಟ್ಟೆಗೆ ಹೋಗಿದ್ದೆ. ಒಳ್ಳೆಯ ಹೆಂಗಸು. ಕೇಳುವುದಕ್ಕೇ ಸಂಕೋಚಪಡುತ್ತಿದ್ದರು.

“ಹುಡುಗಿ ನಮಗೆಲ್ಲ ಇಷ್ಟ ಉಂಟು. ಒಂದೇ ಒಂದು ಕೇಳ್ಲಿಕ್ಕೆ ಬಂದದ್ದು, ತಪ್ಪು ತಿಳ್ಕೊಳ್ಬೇಡಿ. ಮೊನ್ನೆ ಪೂಜೆಯ ದಿವ್ಸ ನಮ್ಮ ಮನೆಯಲ್ಲಿ ಅವಳು ಆ ದ್ವೀಪದ ಆಲ್ಬಮ್ ತೋರಿಸಿದ್ಳು. ಎಲ್ಲ ಫೋಟೋದಲ್ಲಿ ಅವಳೊಬ್ಬಳೇ. ಹಾಗಾದ್ರೆ ತೆಗೆದದ್ದು ಯಾರು? ಅವಳ ಜೊತೆ ಹೋದದ್ದು ಯಾರು?”

ನಾನು ಚಹಾ ಕೊಟ್ಟೆ. ನನ್ನ ಕ್ಯಾಮೆರಾ ಕಪಾಟಿನಲ್ಲಿತ್ತು. ‘ನಾನೇ’ ಎಂಬ ಎರಡು ಅಕ್ಷರ ನಾಲಿಗೆಯ ಮೇಲೆ ಇತ್ತು. ಆ ಕ್ಷಣ ನನಗೆ ಕಂಡದ್ದು ನೀನು — ಕತ್ತೆಯ ಮೇಲೆ, ಅಡುಗೆಮನೆಯಲ್ಲಿ, ನೆಲಕ್ಕೆ ಕಿವಿಕೊಟ್ಟು — ಈಗ ಸುಧಾಕರನ ಮನೆಯಲ್ಲೂ ಹೀಗೆಯೇ ಎಲ್ಲರನ್ನೂ ಗೆದ್ದುಕೊಂಡು ನಗುತ್ತಾ ಇರುತ್ತೀಯ, ನಾನು ಈ ಫ್ಲಾಟಿನಲ್ಲಿ...

“ನನಗೆ ಗೊತ್ತಿಲ್ಲ ಪದ್ಮಕ್ಕ. ನಾನು ಆಗ ಊರಿಗೆ ಹೋಗಿದ್ದೆ.”

ಇನ್ನೇನೂ ಹೇಳಲಿಲ್ಲ. ನಿನ್ನ ಮೇಲೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಆಡಬೇಕಾಗಿಯೇ ಇರಲಿಲ್ಲ. ಅವರು ಚಹಾ ಪೂರ್ತಿ ಕುಡಿಯದೆ ಎದ್ದರು.

ಸಂಜೆ ನೀನು ಕೇಳಿದೆ, “ಪದ್ಮಕ್ಕ ಬಂದಿದ್ರಂತೆ, ಎಂತ ಕೇಳಿದ್ರು?” ಅಡುಗೆ ಬರುತ್ತದೆಯೇ ಎಂದು ಕೇಳಿದರು, ಚೆನ್ನಾಗಿ ಬರುತ್ತದೆ ಎಂದೆ — ಇದು ನನ್ನ ಉತ್ತರ. ನೀನು ಖುಷಿಯಿಂದ ಆ ದಿನ ನನಗೆ ನೀರ್ದೋಸೆ ಮಾಡಿ ಬಡಿಸಿದೆ. ನಾನು ತಿಂದೆ.

ಹತ್ತು ದಿನಕ್ಕೆ ಜಾತಕ ಕೂಡುವುದಿಲ್ಲ ಎಂದು ಹೇಳಿ ಕಳುಹಿಸಿದರು. ಕೂಡಿದ ಜಾತಕ ಈಗ ಹೇಗೆ ತಪ್ಪಿತು ಎಂದು ನೀನು ಕೇಳುತ್ತಲೇ ಇದ್ದೆ. ಆಮೇಲೆ ಸುಧಾಕರನೇ ಏಜೆನ್ಸಿಗೆ ಫೋನ್ ಮಾಡಿ, ದ್ವೀಪಕ್ಕೆ ಯಾರ ಜೊತೆ ಹೋಗಿದ್ದೆ, ಅಷ್ಟು ಹೇಳಿಬಿಡು ಎಂದು ಬೇಡಿಕೊಂಡ. ನೀನು ಹೆಸರು ಹೇಳಲಿಲ್ಲ. ಮನೆಗೆ ಬಂದು ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತೆ.

“ಒಬ್ಬಳು ಗೆಳತಿ ಅಂತ ಮಾತ್ರ ಹೇಳಿದೆ ಅಕ್ಕ. ನಿಮ್ಮ ಹೆಸರು ಎತ್ಲಿಲ್ಲ. ನಿಮ್ಮ ಕೆಲಸ ಹೋದ್ರೆ ಊರಲ್ಲಿ ಅಮ್ಮನಿಗೆ ಯಾರುಂಟು? ನಂಬುವವ ಆದ್ರೆ ನಂಬ್ತಿದ್ದ.”

ಪದ್ಮಕ್ಕನ ಮುಂದೆ ಆಡಿದ್ದು ಬಾಯಿ ತಪ್ಪಿ ಬಂದ ಮಾತು ಎಂದು ಯಾರಾದರೂ ಹೇಳಬಹುದು. ಇದಕ್ಕೆ ಏನು ಹೇಳುವುದು? ನನ್ನ ಕೆಲಸಕ್ಕೆ ಯಾವ ಅಪಾಯವೂ ಇಲ್ಲವೆಂದು ನನಗೆ ಗೊತ್ತಿತ್ತು. ರಿಗ್ಗೈಗೆ ಟ್ಯಾಕ್ಸಿಯಲ್ಲಿ ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ನಿನ್ನ ತಲೆ ಸವರುತ್ತಾ ಕುಳಿತೆ. ಋಣಾನುಬಂಧ ಇಲ್ಲ ಬಿಡು ಎಂದೆ. ನಿಜ ಹೇಳುತ್ತೇನೆ — ನಿನ್ನ ಕಣ್ಣೀರು ನನ್ನ ಸೀರೆಗೆ ಇಳಿಯುತ್ತಿದ್ದಾಗ ನನ್ನೊಳಗೆ ದುಃಖವಿತ್ತು, ಅದರ ಪಕ್ಕದಲ್ಲೇ ಒಂದು ಸಮಾಧಾನವೂ ಇತ್ತು. ಈಗ ನಾವಿಬ್ಬರೂ ಒಂದೇ ಎಂಬ ಸಮಾಧಾನ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸುಧಾಕರ ವರ್ಷದೊಳಗೆ ಬೇರೆ ಮದುವೆಯಾದ. ನೀನು ಊರಿಗೆ ಹೊರಟುಹೋದೆ. ಆಮೇಲೆ ಬಂದ ಸಂಬಂಧಗಳನ್ನೆಲ್ಲ ನೀನು ಬೇಡವೆಂದೆ ಎಂದು ನಾನು ಕೇಳಿದೆ. ಮತ್ತೆ ವಿಮಾನ ಹತ್ತಲೇ ಇಲ್ಲ ಎಂದೂ ಕೇಳಿದೆ. ಹಬ್ಬಕ್ಕೊಂದು ಕಾಗದ, ಆಮೇಲೆ ಫೋನು, ನೀನು ತಪ್ಪಿಸಲಿಲ್ಲ.

ಹೋದ ತಿಂಗಳು ನಿನ್ನ ತಮ್ಮನ ಮಗಳ ಮದುವೆಗೆ ಕರೆದೆ. ನಾನು ಬಂದೆ. ಮದುಮಗಳನ್ನು ನನ್ನ ಮುಂದೆ ನಿಲ್ಲಿಸಿ, “ಕುವೈತಲ್ಲಿ ನನ್ನ ಕಷ್ಟಕಾಲಕ್ಕೆ ಅಂತ ಇದ್ದದ್ದು ಇವರೊಬ್ಬರೇ ಮಗಾ, ಕಾಲು ಹಿಡ್ಕೊ, ಇವರ ಆಶೀರ್ವಾದ ಬೇಕು” ಎಂದೆ. ಆ ಹುಡುಗಿ ಬಗ್ಗಿದಳು. ನಾನು ಹಿಂದೆ ಸರಿಯಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟೆ, ಸುಖವಾಗಿ ಬಾಳು ಎಂದೆ. ಧ್ವನಿ ಕೂಡ ನಡುಗಲಿಲ್ಲ.

ಇದನ್ನು ಓದಿದ ಮೇಲೆ ನೀನು ಉತ್ತರ ಬರೆಯಬೇಕಾಗಿಲ್ಲ. ಪದ್ಮಕ್ಕನಿಗೂ ಹೀಗೆಯೇ ಇನ್ನೊಂದು ಕಾಗದ ಬರೆದು ಹಾಕಿದ್ದೇನೆ. ಅದರಿಂದ ನಿನಗೆ ಏನೂ ಮರಳಿ ಬರುವುದಿಲ್ಲವೆಂದು ಬಲ್ಲೆ. ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ. ಕೇಳುವುದು ಇಷ್ಟೇ — ಆ ಮಗುವನ್ನು ಕರೆದು ಕೂರಿಸಿಕೊಂಡು, ಅವಳು ಯಾರ ಕಾಲಿಗೆ ಬಿದ್ದಳು ಎಂದು ನೀನೇ ಹೇಳಿಬಿಡು.