ಹಕ್ಕಿ ನೋಡಲು ಹೋದವನ ನಾಲ್ಕು ಕಲ್ಲು

ಡಿಸೆಂಬರ್‌ನ ಎರಡನೇ ಭಾನುವಾರ ಸಂಜೆ, ತಳಕಿನಿಂದ ಕೊಂಡ್ಲಹಳ್ಳಿ ಕಡೆಗಿನ ಒಂದು ಬಯಲಿನಲ್ಲಿ ನಾನು ನಾಲ್ಕು ಕಲ್ಲು ಪೇರಿಸಿ, ಮೇಲೆ ಕೆಂಪು ಬಟ್ಟೆಯ ಚೂರು ಸಿಕ್ಕಿಸಿ ಬಂದೆ. ಮುಂದಿನ ಭಾನುವಾರ ಹೋದಾಗ ಆ ಬಯಲಿನಲ್ಲಿ ಹುಲ್ಲು ಇರಲಿಲ್ಲ.

ಎರಡಕ್ಕೂ ಸಂಬಂಧ ಇದೆಯೇ? ಇದೆ. ಅದನ್ನೇ ಬರೆಯುತ್ತಿದ್ದೇನೆ.

ಇದೆಲ್ಲ ಶುರುವಾದದ್ದು ಪತ್ರಿಕೆಯವನಾದ ನನ್ನ ನಿದ್ದೆಗೇಡಿನಿಂದ. ಊಟದ ತಟ್ಟೆ ಮುಂದಿದ್ದರೂ ಕೈ ಫೋನಿನ ಮೇಲೆ. ಹನ್ನೊಂದು ವಾಟ್ಸ್ಆ್ಯಪ್ ಗ್ರೂಪ್, ಎಲ್ಲದರಲ್ಲೂ ಒಂದೇ ಸುದ್ದಿ. (ಅದೂ ಅರ್ಧ ಸುಳ್ಳು.) ಬಿಪಿ ಏರಿತು. ಚಳ್ಳಕೆರೆಯ ನಮ್ಮ ಡಾಕ್ಟರು ಮಾತ್ರೆ ಬರೆಯುವ ಮುಂಚೆ ಒಂದು ಮಾತು ಹೇಳಿದರು: "ವಾರಕ್ಕೊಂದಿನ ಫೋನ್ ಮನೇಲಿಟ್ಟು ಎಲ್ಲಾದ್ರೂ ಹೋಗ್ರಿ. ನೀವು ಬರೀದಿದ್ರೂ ಊರಾಗೆ ಆಗೋದು ಆಗೇ ಆಗ್ತೈತೆ."

ಸ್ವಲ್ಪ ನೋವಾಯಿತು. ಆದರೂ ಹೋದೆ. ಬೈನಾಕ್ಯುಲರ್ ಇತ್ತು, ನೋಟ್‌ಬುಕ್ ಇತ್ತು. ಫೋನ್ ಇರಲಿಲ್ಲ.

ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ನಮ್ಮ ಬಯಲಿಗೆ ಸೆಳೆವ ಎಂಬ ಹಕ್ಕಿ ಬರುತ್ತದೆ. ಹದ್ದಿನ ಬಳಗದ್ದು. ಹಗಲೆಲ್ಲ ಮಿಡತೆ ಹುಡುಕಿಕೊಂಡು ಒಂಟಿಯಾಗಿ ತಿರುಗುತ್ತದೆ, ಸಂಜೆಗೆ ಎಲ್ಲ ಒಂದೇ ಕಡೆ ಸೇರುತ್ತವೆ. ಮರದ ಮೇಲಲ್ಲ, ನೆಲದ ಮೇಲೆ, ಎತ್ತರದ ಹುಲ್ಲಿನೊಳಗೆ. ಆ ಸಂಜೆ ಹದಿನಾಲ್ಕು ಎಣಿಸಿದೆ. ಒಂದೊಂದೇ ತೇಲಿಕೊಂಡು ಬಂದು, ಹುಲ್ಲಿನ ಮೇಲೆ ಸುತ್ತು ಹಾಕಿ, ದೀಪ ಆರಿಸಿದಂತೆ ತಟ್ಟನೆ ಒಳಗಿಳಿದವು. ಒಂದು ಗಂಟೆ ನನ್ನ ಕೈ ಜೇಬು ತಡಕಲಿಲ್ಲ.

ಆಗಲೇ ಹಿಂದಿನಿಂದ ದನಿ ಬಂತು. "ಅಳತೀಗೆ ಬಂದೀರೇನ್ರಿ?"

ಪಾಲಯ್ಯ. ಅರವತ್ತು ಕುರಿ, ಸುಮಾರು ಅಷ್ಟೇ ವಯಸ್ಸು. ಹಕ್ಕಿ ನೋಡಲು ಬಂದೆ ಎಂದೆ. ಅವರು ನನ್ನನ್ನು ನೋಡಿದರು, ಬೈನಾಕ್ಯುಲರ್ ನೋಡಿದರು, ನೋಟ್‌ಬುಕ್‌ನಲ್ಲಿನ ಅಂಕಿಗಳನ್ನೂ ನೋಡಿದರು. ಈ ಬಳಗದ ಹಕ್ಕಿಗೆಲ್ಲ ಅವರ ಬಾಯಲ್ಲಿ ಡೇಗೆ ಎಂದೇ ಹೆಸರು.

"ಡೇಗೆ ನೋಡಕ್ಕೆ ಚಳ್ಳಕೆರೆಯಿಂದ ಬಂದ್ರಾ? ಹೋದ ಸಲ ಬಂದೋರು ಗಾಳಿ ನೋಡಕ್ಕೆ ಬಂದೀವಿ ಅಂದಿದ್ರು ಸ್ವಾಮಿ. ಆಮ್ಯಾಲೆ ಗುಡ್ಡದ ಮ್ಯಾಲೆ ಕರೆಂಟಿನ ಫ್ಯಾನ್ ಬಂದ್ವು. ಹಕ್ಕಿ ನೋಡೋರು ಬಂದ್ರೆ ಇನ್ನೇನು ಬರ್ತೈತೋ!"

ನಾನು ನಕ್ಕೆ. ಅವರೂ ನಕ್ಕರು. ಅವರ ನಗು ನನ್ನ ನಗುವಿಗಿಂತ ಬೇಗ ಮುಗಿದದ್ದು ಈಗ ನೆನಪಾಗುತ್ತಿದೆ.

ಅಷ್ಟು ಎತ್ತರದ ಹುಲ್ಲಿನಲ್ಲಿ ಕುರಿ ಏಕೆ ಬಿಟ್ಟಿಲ್ಲ ಎಂದು ಕೇಳಿದೆ. ಸಂಕ್ರಾಂತಿ ದಾಟುವ ತನಕ ಅದನ್ನು ಯಾರೂ ಮುಟ್ಟುವುದಿಲ್ಲವಂತೆ. ಮೊದಲು ಕೊಯ್ದ ಹೊಲಗಳ ಕೂಳೆ ಮೇಯಿಸುವುದು, ಅದು ಮುಗಿದ ಮೇಲೆ ಈ ಹುಲ್ಲು. ಅವರಪ್ಪನ ಕಾಲದಿಂದಲೂ ಹೀಗೇ. ಅಂದರೆ ಹಕ್ಕಿಗಳು ಮಲಗುತ್ತಿದ್ದದ್ದು ಪಾಲಯ್ಯನವರ ಕುರಿಗಳ ಬೇಸಿಗೆ ಮೇವಿನಲ್ಲಿ.

ಕತ್ತಲಾಗುತ್ತಿತ್ತು. ಮರವಿಲ್ಲದ ಬಯಲು, ಎಲ್ಲಿ ನೋಡಿದರೂ ಒಂದೇ ಥರ. ಮುಂದಿನ ವಾರ ಜಾಗ ಸಿಗಬೇಕಲ್ಲ? ಲೊಕೇಶನ್ ಇಟ್ಟುಕೊಳ್ಳಲು ಫೋನ್ ಇಲ್ಲ. ಕಲ್ಲು ಪೇರಿಸಿದೆ. ದೂರದಿಂದ ಕಾಣಲಿ ಎಂದು ಬೈಕ್ ಒರೆಸುವ ಬಟ್ಟೆ ಹರಿದು ಸಿಕ್ಕಿಸಿದೆ. ರಸ್ತೆಗೆ ಎಷ್ಟು ಹೆಜ್ಜೆ ಎಂದು ಎಣಿಸಿ ಬರೆದುಕೊಂಡೆ. ವರದಿಗಾರನ ಶಿಸ್ತು!

ಆ ವಾರ ಐದು ದಿನ ಚೆನ್ನಾಗಿ ನಿದ್ದೆ ಮಾಡಿದೆ. ಅದನ್ನು ಡಾಕ್ಟರಿಗೆ ಹೇಳಿಯೂ ಬಂದೆ.

ಮುಂದಿನ ಭಾನುವಾರ ಕಲ್ಲು ಹುಡುಕುವ ಅಗತ್ಯವೇ ಬೀಳಲಿಲ್ಲ. ರಸ್ತೆಯಿಂದಲೇ ಕೆಂಪು ಮಣ್ಣು ಕಂಡಿತು. ಇಡೀ ಬಯಲನ್ನು ಉತ್ತಿದ್ದರು. ಟ್ರ್ಯಾಕ್ಟರಿನ ಪಕ್ಕ ನಿಂತಿದ್ದ ಐದಾರು ಜನ ನನ್ನ ಬೈಕ್ ನೋಡಿ ಮಾತು ನಿಲ್ಲಿಸಿದರು.

"ಬಂದ್ರು ನೋಡ್ಲೇ, ಅಳತೆಯೋರು," ಎಂದ ಒಬ್ಬ.

ವಿಷಯ ಇಷ್ಟು. ಕಲ್ಲು, ಕೆಂಪು ಬಟ್ಟೆ, ಹೆಜ್ಜೆಯ ಎಣಿಕೆ. ಯಾವುದೋ ಕಂಪನಿಗೆ ಜಾಗ ಗುರುತು ಮಾಡಿ ಹೋದರು ಎಂದು ಊರಿಗೆ ಸುದ್ದಿಯಾಗಿದೆ. ಸರ್ವೆಯವರು ಬರುವಷ್ಟರಲ್ಲಿ ಉಳುಮೆ ಕಂಡರೆ ಸಾಗುವಳಿ ಎಂದು ಬರೆದುಕೊಳ್ಳುತ್ತಾರೆ, ಖಾಲಿ ಹುಲ್ಲು ಕಂಡರೆ ಸರ್ಕಾರಿ ಜಾಗವೆಂದು ಕಂಪನಿಗೆ ಹೋಯಿತು. ಹಾಗೆಂದು ಊರವರ ಲೆಕ್ಕ. ಬುಧವಾರದಿಂದ ಮೂರು ಟ್ರ್ಯಾಕ್ಟರ್ ಓಡಿವೆ.

ನಾನು ಹಕ್ಕಿಯ ಪುಸ್ತಕ ತೆಗೆದು ತೋರಿಸಿದೆ. ಪ್ರೆಸ್ ಕಾರ್ಡ್ ತೋರಿಸಿದೆ. ಎಲ್ಲರೂ ತಾಳ್ಮೆಯಿಂದ ನೋಡಿದರು. ಟ್ರ್ಯಾಕ್ಟರಿನವನು ಸಮಾಧಾನ ಹೇಳಿದ: "ಹಕ್ಕಿ ನೋಡಕ್ಕೆ ಇಟ್ಟ ಕಲ್ಲಾದ್ರೆ ಒಳ್ಳೇದೇ ಆತು ಬಿಡ್ರಿ ಸಾರ್. ಆದ್ರೂ ಉತ್ತಿದ್ದು ಉತ್ತಾತು. ಈಗ ಯಾರು ಬಿಡ್ತಾರೆ?"

ಸುಳ್ಳು ಸುದ್ದಿ ಎಂದು ಅವರನ್ನು ಬೈಯಲೇ? ಒಬ್ಬರೂ ಸುಳ್ಳು ಹೇಳಿರಲಿಲ್ಲ. ಕಂಡದ್ದನ್ನೇ ಹೇಳಿದ್ದರು. ಹಿಂದೆ ಹೀಗೆ ಕಲ್ಲು ಕಂಡಾಗ ಏನಾಗಿತ್ತೋ ಅದನ್ನೂ ಹೇಳಿದ್ದರು. ನನ್ನ ವೃತ್ತಿಯಲ್ಲಿ ಇದಕ್ಕೆ ಹಿನ್ನೆಲೆ ಎನ್ನುತ್ತೇವೆ.

ಪಾಲಯ್ಯ ದೂರದ ಬದುವಿನ ಮೇಲೆ ಕೂತಿದ್ದರು. ಹತ್ತಿರ ಹೋದೆ.

"ನಾನೇ ಹೇಳಿದ್ದು ಸ್ವಾಮಿ," ಎಂದರು. "ಕಲ್ಲು ಇಟ್ಟೋದ್ರು, ನೋಡ್ಕಳ್ರಪ್ಪ ಅಂದೆ. ಎಲ್ರೂ ಹೋಗಿ ಬ್ಯಾಡ ಅಂತ ತಡೀತಾರೆ ಅನ್ಕಂಡಿದ್ದೆ. ಇವ್ರು ತಲೀಗಿಷ್ಟು ಅಂತ ಹಂಚ್ಕಂಡು ಉತ್ತುಬಿಟ್ರು."

"ನಿಮಗೂ ಒಂದು ಭಾಗ ಕೊಡಲಿಲ್ಲವೇ?"

"ಕೊಡ್ತೀವಿ ಅಂದ್ರು. ಮಣ್ಣು ತಗಂಡು ಏನ್ ಮಾಡ್ಲಿ? ನನ್ ಕುರಿ ಮಣ್ಣು ತಿಂತಾವಾ?"

ಕ್ಷಮೆ ಕೇಳಿದೆ. ನಿದ್ದೆಗೆಟ್ಟು ಇಲ್ಲಿಗೆ ಬಂದದ್ದು, ಬಂದ ಮೇಲೆ ನಿದ್ದೆ ಬಂದದ್ದು, ಎಲ್ಲ ಹೇಳಿದೆ. ಅವರು ಬೀಡಿ ಹಚ್ಚಿ, "ನಿಮಗೆ ಇಲ್ಲಿ ಬಂದ್ರೆ ನಿದ್ದೆ ಬರ್ತಿತ್ತು ಅಂದ್ರಲ್ಲ, ಈಗೇನು ಮಾಡ್ತೀರಿ?" ಎಂದು ಕೇಳಿದರು. ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೇ ಕೇಳಿದರು.

ಮನಸ್ಸು ಹಗುರ ಮಾಡಿಕೊಳ್ಳಲು ನಾವು ಪೇಟೆಯವರು ಬಯಲಿಗೆ ಹೋಗುತ್ತೇವೆ. ಅಲ್ಲಿ ಯಾರೂ ಇಲ್ಲ ಎಂದುಕೊಂಡು ಹೋಗುತ್ತೇವೆ. ಪ್ರತಿ ಹುಲ್ಲಿಗೂ ಅಲ್ಲೊಂದು ಲೆಕ್ಕವಿರುತ್ತದೆ, ಒಂದು ಭಯವೂ ಇರುತ್ತದೆ. ಕಾಲಿಡುವ ಮುಂಚೆ ಅದನ್ನು ಕೇಳಿದವರು ಎಷ್ಟು ಜನ? ನಾನಂತೂ ಕೇಳಲಿಲ್ಲ. ಕೇಳುವುದೇ ನನ್ನ ಕೆಲಸ.

ಈ ಭಾನುವಾರ ಮತ್ತೆ ಹೋಗಿದ್ದೆ, ರಸ್ತೆಯಲ್ಲೇ ನಿಂತೆ. ಐದು ಸೆಳೆವ ಬಂದವು. ಉತ್ತ ನೆಲದ ಮೇಲೆ ಎರಡೆರಡು ಸುತ್ತು ಹಾಕಿ, ಇಳಿಯದೆ ಮೂಡಲಕ್ಕೆ ಹೋದವು.

ಪಾಲಯ್ಯ ಕುರಿ ಹೊಡೆದುಕೊಂಡು ಆಂಧ್ರದ ಗಡಿ ಕಡೆ ಹೋಗಿದ್ದಾರೆ. ನಿನ್ನೆ ಫೋನ್ ಮಾಡಿದಾಗ ಅವರ ಹೆಂಡತಿ ಎತ್ತಿದರು. ಇನ್ನೂ ಹುಲ್ಲು ಸಿಕ್ಕಿಲ್ಲ ಎಂದರು.