ಕಾಗದದ ಪಾಲು

ಮೊನ್ನೆ ಹಲಸೂರಿನಲ್ಲಿ ಮೊಮ್ಮಗನಿಗೆ ಚಪ್ಪಲಿ ಕೊಳ್ಳುವಾಗ ಹೊಸ ತೊಗಲಿನ ವಾಸನೆ ಮೂಗಿಗೆ ಬಡಿಯಿತು. ಅದರಲ್ಲಿ ತಂಗಡಿ ಗಿಡದ ಚಕ್ಕೆಯ ಒಗರು ಇತ್ತೋ, ನನ್ನ ಭ್ರಮೆಯೋ... ಅಕ್ಕ ಕಣ್ಣ ಮುಂದೆ ಬಂದು ನಿಂತಳು.

ನಾವು ಬನ್ನೇರುಘಟ್ಟದ ಕಾಡಂಚಿನ ಇರುಳಿಗರು. ಕಾಡಿನಲ್ಲಿ ಸಿಕ್ಕಿದ್ದನ್ನು ಮಾರಿ, ತಂದ ರಾಗಿಯನ್ನು ಒಲೆಗೊಂದು ಗುಡ್ಡೆಯಂತೆ ಹಂಚಿಕೊಳ್ಳುವುದು ಹಟ್ಟಿಯ ರೂಢಿ. ಮಹಾಯುದ್ಧ ಬಂದಾಗ, ತೊಗಲು ಹದ ಮಾಡಲು ಬೆಂಗಳೂರು ದಂಡಿನ ಟ್ಯಾನರಿಗೆ ಹಡಗಿನಲ್ಲಿ ಬರುತ್ತಿದ್ದ ಪರದೇಶದ ಚಕ್ಕೆ ನಿಂತಿತು. ನಮ್ಮ ತಂಗಡಿ ಚಕ್ಕೆಗೆ ಎಲ್ಲಿಲ್ಲದ ಬೆಲೆ. ಆದರೆ ಲೈಸೆನ್ಸು ಇದ್ದವರಿಂದ ಮಾತ್ರ ಕೊಳ್ಳಬೇಕೆಂದು ಸರ್ಕಾರದ ಕಟ್ಟಳೆ. ಹಟ್ಟಿಯಲ್ಲಿ ಅಷ್ಟಿಷ್ಟು ಓದು ಬರುತ್ತಿದ್ದುದು ನನಗೊಬ್ಬನಿಗೆ. ಲೈಸೆನ್ಸು ನನ್ನ ಹೆಸರಿಗೆ ಬಂತು.

ಅಕ್ಕನಿಗೆ ಎಲ್ಲದರಲ್ಲೂ ಕುತೂಹಲ. ಚಕ್ಕೆ ಸುಲಿಯುತ್ತಲೇ ಕೇಳುವಳು: "ಹಡಗಿನ ಚಕ್ಕೆ ಸುಲಿಯೋರು ಯಾರೋ ತಮ್ಮಾ? ಅವ್ರೂ ನಮ್ಮಂಗೆ ಕಾಡೋರಾ? ಈಗ ಅವ್ರ ಒಲೆ ಹೆಂಗೆ ಉರೀತದೆ?" ನನಗೆ ಗೊತ್ತಿರಲಿಲ್ಲ. ಇಂದಿಗೂ ಗೊತ್ತಿಲ್ಲ.

ಆ ಸಲ ರಾಗಿ ಹಂಚುವಾಗ ನಾನು ಇನ್ನೊಂದು ಗುಡ್ಡೆ ಇಟ್ಟೆ. ಲೈಸೆನ್ಸಿನ ಪಾಲು ಎಂದೆ.

"ಕಾಗದಕ್ಕೂ ಹೊಟ್ಟೆ ಐತೇನೋ?" ಅಕ್ಕ ಅಂದಳು. ಎಲ್ಲರೂ ನಕ್ಕರು. ಗುಡ್ಡೆ ಮಾತ್ರ ನನ್ನ ಮನೆಗೇ ಬಂತು. ಕ್ರಮೇಣ ನನ್ನ ಮನೆಗೆ ಹೆಂಚು ಬಂತು. ಉಳಿದವರದು ಹುಲ್ಲಿನ ಮಾಡೇ.

ಗಂಡ ಸತ್ತ ಮೇಲೆ ಅಕ್ಕ ಕೇಳಿದಳು: "ನನ್ ಹೆಸ್ರೂ ಬರ್ಸೋ. ಎಲ್ಡು ಕೂಸವೆ."

"ಹಟ್ಟಿಗೊಂದೇ ಹೆಸ್ರು ಅಂತ ಬರ್ದವ್ರೆ ಕಣಕ್ಕಾ" ಎಂದೆ. ಹಾಗೆ ಎಲ್ಲೂ ಬರೆದಿರಲಿಲ್ಲ.

ಒಮ್ಮೆ ಹೊರೆ ಹೊತ್ತು ಅವಳೂ ಟ್ಯಾನರಿಗೆ ಬಂದಳು. ಹಡಗು ಎಷ್ಟುದ್ದ, ಯಾವ ಊರಿಂದ ಬರುತ್ತದೆ ಎಂದೆಲ್ಲ ಗುಮಾಸ್ತನನ್ನು ಕಾಡಿದಳು. ಅವನು ನಕ್ಕ: "ಅರೇ ಅಮ್ಮಾ, ಇಷ್ಟು ಕೇಳ್ತೀಯಲ್ಲ, ನೀನೇ ಒಂದು ಲೈಸೆನ್ಸ್ ಮಾಡಿಸ್ಕೋ. ಹೆಬ್ಬೆಟ್ಟು ಒತ್ತಿದ್ರೆ ಆಯ್ತು, ಯಾರಿಗಾದ್ರೂ ಕೊಡ್ತಾರೆ."

ಅಕ್ಕ ನನ್ನ ಮುಖವನ್ನೇ ನೋಡಿದಳು.

"ನನ್ ತಮ್ಮ ಹೇಳಿದ್ದ ಸಾಮಿ... ನಾನೇ ಮರ್ತಿದ್ದೆ" ಎಂದಳು.

ಹಟ್ಟಿ ಮುಟ್ಟುವವರೆಗೆ ಅವಳು ಏನನ್ನೂ ಕೇಳಲಿಲ್ಲ.

ಅವಳು ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಯುದ್ಧ ಮುಗಿದು ಹಡಗುಗಳು ಬಂದವು. ತಂಗಡಿಯನ್ನು ಕೇಳುವವರಿಲ್ಲ. ಕೂಡಿಟ್ಟದ್ದರಲ್ಲಿ ನಾನು ಹಲಸೂರಿನಲ್ಲಿ ಅಂಗಡಿ ಇಟ್ಟೆ. ಅವಳು ಕಲ್ಲು ಒಡೆಯಲು ಹೋದಳು.

ಅಕ್ಕ ತೀರಿಕೊಂಡು ಬಹಳ ವರ್ಷಗಳಾದವು. ಅವಳ ಮಕ್ಕಳು ಇಂದಿಗೂ ಮಾವಾ ಮಾವಾ ಎಂದು ಮನೆಗೆ ಬರುತ್ತಾರೆ, ನನ್ನ ಕಾಲಿಗೆ ಬೀಳುತ್ತಾರೆ. ಅವರಿಗೂ ಅವಳು ಹೇಳಿರಲಿಲ್ಲ. ಹೇಳಬೇಕಾದವನು ನಾನೊಬ್ಬನೇ ಉಳಿದಿದ್ದೇನೆ...